ಒಂದು ಬಟ್ಟಲು ಶ್ಯಾವಿಗೆಯ ಬೆಲೆಗೆ ಒಂದು ನಗೆ

ಜಪಾನಿನ ಮರದಚ್ಚಿನ ಚಿತ್ರಗಳೂ ನಮ್ಮ ಮುಂಬಯಿಯ ಬಡ ವಿನೋದವೂ

ರಾತ್ರಿ ಹನ್ನೊಂದರ ಸುಮಾರಿಗೆ ಕಡೆಯ ಗಿರಾಕಿಯು ಎದ್ದುಹೋಗಿ, ಹೋಟೆಲಿನ ಬಾಗಿಲನ್ನು ಅರ್ಧ ಎಳೆದ ಮೇಲೆ ಒಳಗೆ ನಡೆಯತಕ್ಕ ಒಂದು ವಿನೋದಕೂಟವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟು ನೆಲ ತೊಳೆಯುತ್ತಿರುವಾಗ ಯಾರಾದರೊಬ್ಬನು ಆ ದಿನದ ಗಿರಾಕಿಗಳ ವೇಷ ಕಟ್ಟುತ್ತಾನೆ. ಒಂದೇ ಕಪ್ಪು ಚಹವನ್ನು ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಪಂಖದ ಕೆಳಗೆ ಕುಳಿತವನು, ಸಾಂಬಾರನ್ನು ನಾಲ್ಕು ಸಲ ಕೇಳಿ ಪಡೆದು ಕೊನೆಗೆ ಇಡ್ಲಿ ಗಟ್ಟಿಯೆಂದು ದೂರಿದವನು, ಬಿಲ್ಲು ಬಂದೊಡನೆ ಕಿಸೆಗಳನ್ನೆಲ್ಲ ತಡಕಾಡತೊಡಗಿದವನು – ಹೀಗೆ ಒಬ್ಬೊಬ್ಬರೂ ಪುನಃ ಪ್ರತ್ಯಕ್ಷರಾಗುತ್ತಾರೆ. ಕೊನೆಗೆ ಗಲ್ಲದ ಮೇಲೆ ಕೂಡ್ರುವ ಧಣಿಗಳ ಸರದಿಯೂ ಬರುತ್ತದೆ. ಆಗ ಮಾತ್ರ ಒಬ್ಬನು ಬಾಗಿಲ ಬಳಿ ನಿಂತು ಕಾವಲು ಕಾಯಬೇಕಾಗುತ್ತದೆ. ದಿನವಿಡೀ ನಿಂತು ದುಡಿದ ಕಾಲುಗಳ ನೋವು ಆ ಅರ್ಧ ಗಂಟೆ ಎಲ್ಲಿಗೆ ಹೋಗುತ್ತದೆಯೋ ತಿಳಿಯದು.

ಕಲೆ, ಚಿತ್ರ, ವಿನೋದ ಎಂಬಿವು ಬಿಡುವೂ ಹಣವೂ ಉಳ್ಳವರ ಸ್ವತ್ತೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ಈಚೆಗೆ ಮಿತ್ರರೊಬ್ಬರ ಮನೆಯಲ್ಲಿ ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ದೊಡ್ಡದೊಂದು ಸಂಪುಟವನ್ನು ನೋಡುವ ಯೋಗವು ನಮಗೆ ಒದಗಿತು. ಕಲೆಯ ಗ್ರಂಥವೆಂದು ಗಾಂಭೀರ್ಯದಿಂದ ತೆರೆದ ನಾವು ಹತ್ತು ಪುಟಗಳನ್ನು ತಿರುವುವುದರೊಳಗಾಗಿ ನಗತೊಡಗಿದೆವು. ಇನ್ನಷ್ಟು ಓದಿ ವಿಚಾರಿಸಿದಾಗ ಆ ನಗೆಯು ಅರಮನೆಯಲ್ಲಿ ಹುಟ್ಟಿದುದಲ್ಲ, ನಮ್ಮಂಥವರ ಓಣಿಯಲ್ಲಿಯೇ ಹುಟ್ಟಿದುದೆಂದು ಗೊತ್ತಾಯಿತು. ಆ ಸಂತೋಷವನ್ನು ವಾಚಕರೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ದುಡಿಮೆಗಾರರ ಊರು

ಇಂದಿನ ಟೋಕಿಯೋ ನಗರಕ್ಕೆ ೧೮೬೮ರವರೆಗೆ ಎಡೊ ಎಂಬ ಹೆಸರಿದ್ದಿತು. ಹದಿನೆಂಟನೆಯ ಶತಮಾನದಲ್ಲಿಯೇ ಅದರ ಜನಸಂಖ್ಯೆಯು ಸುಮಾರು ಹತ್ತು ಲಕ್ಷವನ್ನು ಮುಟ್ಟಿದ್ದಿತೆಂದು ಚರಿತ್ರಕಾರರ ಅಂದಾಜು. ಅಧಿಕಾರವೆಲ್ಲ ಶೋಗುನ್ ಎಂಬ ಸೇನಾಧಿಪತಿಯದು. ಮಾನಮರ್ಯಾದೆಯೆಲ್ಲ ಖಡ್ಗಧಾರಿಗಳಾದ ಸಮುರಾಯಿಗಳದು. ವರ್ತಕರು, ಬಡಗಿಗಳು, ಗಾರೆಯವರು, ಅಂಗಡಿಯ ಗುಮಾಸ್ತರು ಇವರೆಲ್ಲ ಅಂತಸ್ತಿನಲ್ಲಿ ಕೆಳಗಿನವರು. ಹೊಟ್ಟೆಪಾಡಿಗಾಗಿ ಹಳ್ಳಿಗಳಿಂದ ಬಂದ ಗಂಡಸರೇ ಊರಲ್ಲಿ ಹೆಚ್ಚು. ಉದ್ದನೆಯ ಸಾಲುಮನೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ನೀರಿಗೆ ಎಲ್ಲರಿಗೂ ಸೇರಿ ಒಂದೇ ಬಾವಿ. ಒಲೆ ಹಚ್ಚಲಾರದ ಒಂಟಿಗರಿಗೆ ಬೀದಿಯ ತಿಂಡಿಯಂಗಡಿಯೇ ಗತಿ. ಇದನ್ನೋದುವಾಗ ಗಿರ್ಗಾಂವ್ ಪರೇಲುಗಳ ಚಾಳುಗಳು ವಾಚಕರ ಕಣ್ಣ ಮುಂದೆ ಬಂದರೆ ನಮಗೆ ಆಶ್ಚರ್ಯವಿಲ್ಲ.

ಈ ಜನರಿಗಾಗಿ ಅಚ್ಚಾಗುತ್ತಿದ್ದ ಚಿತ್ರಗಳಿಗೆ 'ಉಕಿಯೊ-ಎ' ಎಂದು ಹೆಸರು. ಆ ಹೆಸರೇ ಒಂದು ವಿನೋದ. ಬೌದ್ಧ ಸಾಧುಗಳು ಈ ಪ್ರಪಂಚವನ್ನು 'ಉಕಿಯೊ', ಅಂದರೆ ದುಃಖಮಯವಾದ ಲೋಕವೆಂದು ಕರೆಯುತ್ತಿದ್ದರು. ಎಡೊ ನಗರದವರು ಉಚ್ಚಾರವನ್ನು ಹಾಗೆಯೇ ಉಳಿಸಿ, ಬರೆಯುವ ಅಕ್ಷರವನ್ನು ಮಾತ್ರ ಬದಲಿಸಿ, ಅದನ್ನೇ 'ತೇಲುವ ಲೋಕ'ವನ್ನಾಗಿ ಮಾಡಿಕೊಂಡರು. ದುಃಖವು ಹೋಗಲಿಲ್ಲ, ಅದರ ಮೇಲೆ ತೇಲಿ ಸಾಗುವುದನ್ನು ಕಲಿತರು.

ಬೆಲೆಯ ವಿಷಯವು ನಮ್ಮ ಹೋಟೆಲಿನ ಬಂಧುಗಳಿಗೆ ಹಿಡಿಸುವಂತಿದೆ. ಬಿಸಿ ಸಾರಿನಲ್ಲಿ ಹಾಕಿಕೊಡುವ 'ಸೋಬಾ' ಎಂಬ ಶ್ಯಾವಿಗೆಯು ಅಲ್ಲಿ ಬೀದಿಬೀದಿಗಳಲ್ಲಿ ಮಾರಾಟವಾಗುತ್ತಿದ್ದಿತು. ಒಂದು ಬಟ್ಟಲಿಗೆ ಬಹುಕಾಲ ಹದಿನಾರು ಮೋನ್ ಬೆಲೆ. ಅಂಗಡಿಯವರು ಅದನ್ನು 'ಎರಡು-ಎಂಟು ಸೋಬಾ' ಎಂದು ಕೂಗುತ್ತಿದ್ದರು. ಎರಡೆಂಟಲ ಹದಿನಾರು ಎಂಬ ಮಗ್ಗಿಯೇ ಆ ಹೆಸರಿಗೆ ಮೂಲವೆಂದು ಒಂದು ವಿವರಣೆಯಿದೆ. ಬಣ್ಣದ ಚಿತ್ರವೊಂದರ ಬೆಲೆಯೂ ಸಾಧಾರಣವಾಗಿ ಅಷ್ಟೇ, ಅಥವಾ ನಾಲ್ಕಾರು ಮೋನ್ ಹೆಚ್ಚು. ಇಂದು ಲಕ್ಷಗಟ್ಟಲೆ ಹಣಕ್ಕೆ ಹರಾಜಾಗುವ ಹಾಳೆಗಳನ್ನು ಅಂದು ಬಡಗಿಯೊಬ್ಬನು ಒಂದು ಹೊತ್ತಿನ ಉಪಾಹಾರದ ಹಣಕ್ಕೆ ಕೊಂಡು ಗೋಡೆಗೆ ಅಂಟಿಸುತ್ತಿದ್ದನು.

ಇಷ್ಟು ಅಗ್ಗವಾದ ವಸ್ತುವನ್ನು ತಯಾರಿಸುವ ಕ್ರಮವು ಮಾತ್ರ ಅಗ್ಗದ್ದಲ್ಲ. ಚಿತ್ರಕಾರನು ತೆಳುವಾದ ಕಾಗದದ ಮೇಲೆ ರೇಖೆಗಳನ್ನು ಬರೆದುಕೊಡುವನು. ಕೆತ್ತುವವನು ಅದನ್ನು ಚೆರಿಮರದ ಹಲಗೆಗೆ ಬೋರಲಾಗಿ ಅಂಟಿಸಿ, ರೇಖೆಯಷ್ಟನ್ನೇ ಉಳಿಸಿ ಮಿಕ್ಕುದನ್ನು ಕೆತ್ತಿ ತೆಗೆಯುವನು. ಮೂಲಚಿತ್ರವು ಆ ಉಳಿಗೇ ಬಲಿಯಾಗುವುದು. ಬಣ್ಣಕ್ಕೊಂದರಂತೆ ಬೇರೆ ಬೇರೆ ಅಚ್ಚು. ಮುದ್ರಿಸುವವನು ಒಂದೇ ಹಾಳೆಯನ್ನು ಒಂದೊಂದು ಅಚ್ಚಿನ ಮೇಲೂ ಕೂದಲೆಳೆಯಷ್ಟೂ ಸರಿಯದಂತೆ ಇರಿಸಿ, ಬಿದಿರಿನ ಪೊರೆ ಸುತ್ತಿದ ಬಿಲ್ಲೆಯಿಂದ ಕೈಯಾರೆ ಉಜ್ಜುವನು. ಬಂಡವಾಳ ಹಾಕಿದ ಪ್ರಕಾಶಕನು ಮಾರುವನು. ದೋಸೆ ಹೊಯ್ಯುವವನು, ಚಟ್ನಿ ಅರೆಯುವವನು, ತಂದಿಡುವವನು ಬೇರೆ ಬೇರೆಯಾಗಿದ್ದು, ಹೊರಗಿನ ಬೋರ್ಡಿನ ಮೇಲೆ ಒಂದೇ ಹೆಸರಿರುವ ವ್ಯವಸ್ಥೆಯಂತೆಯೇ ಇದೂ. ಹಾಳೆಯ ಮೇಲೆ ಚಿತ್ರಕಾರನ ಹೆಸರೂ ಪ್ರಕಾಶಕನ ಮುದ್ರೆಯೂ ಇರುತ್ತಿದ್ದುವು. ಉಜ್ಜಿದವನನ್ನು ನೆನೆದವರು ವಿರಳ.

ದಾರಿಯ ಮೇಲಿನ ನಗೆ

ಎಡೊದಿಂದ ಕ್ಯೋಟೊ ನಗರಕ್ಕೆ ಸುಮಾರು ೫೦೦ ಕಿಲೋಮೀಟರಿನ ತೋಕಾಯ್ಡೊ ಎಂಬ ಹೆದ್ದಾರಿಯಿದ್ದಿತು. ನಡುವೆ ೫೩ ತಂಗುದಾಣಗಳು. ಹಿರೋಶಿಗೆ ಎಂಬ ಕಲಾವಿದನು ೧೮೩೩–೩೪ರ ವೇಳೆಗೆ ಈ ದಾರಿಯನ್ನು ಕುರಿತು ಎರಡು ಕೊನೆಗಳನ್ನೂ ಸೇರಿಸಿ ೫೫ ಚಿತ್ರಗಳನ್ನು ಪ್ರಕಟಿಸಿ ಹೆಸರಾದನು. ಅವುಗಳಲ್ಲಿ ಮಳೆ, ಹಿಮ, ಮಂಜುಗಳ ಸೊಬಗನ್ನು ಹೊಗಳುವವರು ಬಹಳ. ನಮ್ಮನ್ನು ಸೆಳೆದವು ಬೇರೆ. ಯೊಕ್ಕಾಯಿಚಿ ಎಂಬಲ್ಲಿ ಬಿರುಗಾಳಿಗೆ ಸಿಕ್ಕಿದ ಟೊಪ್ಪಿಗೆಯು ಚಕ್ರದಂತೆ ಉರುಳಿಹೋಗುತ್ತಿದೆ. ಅದರ ಯಜಮಾನನು ಬಗ್ಗಿ ಓಡುತ್ತಿದ್ದಾನೆ. ಕೈಗೆ ಸಿಕ್ಕೀತು, ಸಿಕ್ಕಲಾರದು! ಮಾರಿಕೊ ಎಂಬಲ್ಲಿ ಒಂದು ಹುಲ್ಲುಮಾಡಿನ ಉಪಾಹಾರಗೃಹ. ಊರಿಗೆ ಹೆಸರಾದ ಗೆಡ್ಡೆಯ ಸಾರು ಇಲ್ಲಿ ದೊರೆಯುವುದೆಂದು ಬೋರ್ಡು ತೂಗುತ್ತಿದೆ. ಬೆನ್ನಿಗೆ ಮಗುವನ್ನು ಕಟ್ಟಿಕೊಂಡ ಹೆಂಗಸು ಬಡಿಸುತ್ತಿದ್ದಾಳೆ. ಇಬ್ಬರು ಪ್ರಯಾಣಿಕರು ಲೋಕವನ್ನೇ ಮರೆತು ಉಣ್ಣುತ್ತಿದ್ದಾರೆ.

ಗೊಯು ಎಂಬ ತಂಗುದಾಣದ ಚಿತ್ರವಂತೂ ಹೋಟೆಲಿನವರು ನೋಡಲೇಬೇಕಾದುದು. ಸಂಜೆಯಾಗಿದೆ. ವಸತಿಗೃಹದ ದೃಢಕಾಯದ ಹೆಂಗಸರು ಬೀದಿಗಿಳಿದು ಗಿರಾಕಿಗಳನ್ನು ಬಲಾತ್ಕಾರವಾಗಿ ಒಳಗೆ ಎಳೆಯುತ್ತಿದ್ದಾರೆ. ಒಬ್ಬನ ಕೊರಳಿಗೆ ಕಟ್ಟಿದ ಗಂಟನ್ನೇ ಒಬ್ಬಳು ಹಿಡಿದೆಳೆದಿರುವುದರಿಂದ ಅವನಿಗೆ ಉಸಿರು ಕಟ್ಟುತ್ತಿದೆ. ಆಗಲೇ ಸೋತು ಒಳಹೊಕ್ಕ ಇನ್ನೊಬ್ಬನ ಕಾಲನ್ನು ಮುದುಕಿಯೊಬ್ಬಳು ತೊಳೆಯುತ್ತಿದ್ದಾಳೆ. ಈ ಪುಟವನ್ನು ನೋಡಿ ಹೋಟೆಲಿನಲ್ಲಿ ಮ್ಯಾನೇಜರರಾಗಿರುವ ನಮ್ಮ ಮಿತ್ರರು, "ನಾವು ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವುದೇ ತಪ್ಪು, ಸ್ವಾಮಿ, ವ್ಯಾಪಾರವೆಂದರೆ ಹೀಗೆ" ಎಂದು ನಿಟ್ಟುಸಿರುಬಿಟ್ಟರು. ಇದರಲ್ಲಿಯೇ ಇನ್ನೊಂದು ಕುಚೇಷ್ಟೆಯಿದೆ. ವಸತಿಗೃಹದ ಗೋಡೆಯ ಮೇಲೆ ತೂಗುವ ಫಲಕಗಳನ್ನು ಜಪಾನೀ ಬಲ್ಲವರು ಓದಿದರೆ, ಅವು ಪ್ರಕಾಶಕನ, ಚಿತ್ರಕಾರನ, ಕೆತ್ತಿದವನ, ಉಜ್ಜಿದವನ ಹೆಸರುಗಳು! ಎಲ್ಲಿಯೂ ಸ್ಥಳವಿಲ್ಲದ ಇಬ್ಬರು ಕೆಲಸಗಾರರಿಗೆ ಹಿರೋಶಿಗೆಯು ಹೋಟೆಲಿನ ಗೋಡೆಯಲ್ಲಿ ಸ್ಥಳ ಮಾಡಿಕೊಟ್ಟನು.

ಆದರೆ ನಕ್ಕು ಮುಗಿಸಿ ಪುಟವನ್ನು ತಿರುವಲು ನಮಗೆ ಮನಸ್ಸಾಗಲಿಲ್ಲ. ಹೀಗೆ ಬೀದಿಗಿಳಿದು ಗಿರಾಕಿಗಳನ್ನು ಎಳೆಯುತ್ತಿದ್ದವರು ಯಾರು? 'ಅನ್ನ ಬಡಿಸುವವಳು' ಎಂಬ ಹೆಸರಿನಲ್ಲಿ ಇಂಥ ವಸತಿಗೃಹಗಳಲ್ಲಿ ದುಡಿಯುತ್ತಿದ್ದವರು ಬಹುಮಟ್ಟಿಗೆ ಬಡ ಹಳ್ಳಿಗಳ ಹೆಣ್ಣುಮಕ್ಕಳು. ತಂದೆತಾಯಿಗಳು ಮುಂಗಡವಾಗಿ ಪಡೆದ ಹಣಕ್ಕೆ ಒತ್ತೆಯಾಗಿ ಬಂದು, ಬಡಿಸುವುದು ಮಾತ್ರವಲ್ಲದೆ ತಮ್ಮ ದೇಹವನ್ನೂ ಒಪ್ಪಿಸಬೇಕಾಗಿದ್ದವರು. ಗಿರಾಕಿಯು ಕೈತಪ್ಪಿದರೆ ಧಣಿಯ ಕೋಪವು ಯಾರ ಮೇಲೆ ಬೀಳುತ್ತಿದ್ದಿತೆಂಬುದನ್ನು ಊಹಿಸಬಹುದು. ಚಿತ್ರದಲ್ಲಿ ನಗೆಗೀಡಾದವರು ಅವರೇ. ಆ ನಗೆಯಲ್ಲಿ ಅವರಿಗೆ ಪಾಲಿದ್ದಿತೋ ಇಲ್ಲವೋ ಹೇಳಲಾಗದು. ವಿನೋದವನ್ನು ತೂಗುವಾಗ ಯಾರು ನಗುತ್ತಿದ್ದಾರೆ, ಯಾರನ್ನು ಕುರಿತು ನಗುತ್ತಿದ್ದಾರೆ ಎಂಬೆರಡನ್ನೂ ತಕ್ಕಡಿಯಲ್ಲಿ ಇಡಬೇಕಾಗುತ್ತದೆ.

ಕೆಟಲಿನಲ್ಲಿ ಮಳೆ, ಬೆಕ್ಕಿನಲ್ಲಿ ಊರು

ಇಂಥ ಸಂದೇಹಕ್ಕೆ ಎಡೆಯಿಲ್ಲದ ಬರಿಯ ಆಟದ ಚಿತ್ರಗಳೂ ಹೇರಳವಾಗಿವೆ. ೧೭೬೫ರ ಸುಮಾರಿಗೆ ಬಹುವರ್ಣ ಮುದ್ರಣವನ್ನು ಬಳಕೆಗೆ ತಂದವರಲ್ಲಿ ಅಗ್ರಗಣ್ಯನು ಹರುನೊಬು. ಆಗ ಪಂಚಾಂಗಗಳನ್ನು ಅಚ್ಚುಹಾಕುವ ಹಕ್ಕು ಕೆಲವೇ ಪ್ರಕಾಶಕರಿಗೆ ಮೀಸಲಾಗಿದ್ದಿತು. ಆದ್ದರಿಂದ ರಸಿಕರು ಆ ವರ್ಷದಲ್ಲಿ ಯಾವ ಯಾವ ತಿಂಗಳು ದೊಡ್ಡದು, ಯಾವುದು ಚಿಕ್ಕದು ಎಂಬ ಅಂಕಿಗಳನ್ನು ಚಿತ್ರದೊಳಗೆ, ಹೆಂಗಸಿನ ಉಡುಪಿನ ನೆರಿಗೆಯಲ್ಲಿಯೋ ನಡುಪಟ್ಟಿಯ ಅಲಂಕಾರದಲ್ಲಿಯೋ ಅಡಗಿಸಿ ಹೊಸ ವರ್ಷಕ್ಕೆ ಹಂಚಿಕೊಳ್ಳುತ್ತಿದ್ದರು. ಹೋಟೆಲಿನ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖನ್ನು ಹುಡುಕಿ ಹಿಡಿಯಬೇಕಾದ ಸ್ಥಿತಿ ಬಂದರೆ ನಮ್ಮ ಧಣಿಗಳು ಏನೆನ್ನುವರೋ!

ಅದೇ ಹರುನೊಬುವಿನ 'ಕೋಣೆಯೊಳಗಿನ ಎಂಟು ನೋಟಗಳು' ಎಂಬ ಮಾಲಿಕೆಯು ಇನ್ನೂ ರಮ್ಯವಾದುದು. ಚೀನದ ಕವಿಗಳೂ ಚಿತ್ರಕಾರರೂ ಹಾಡಿ ಹೊಗಳಿದ ಎಂಟು ಪ್ರಕೃತಿ ದೃಶ್ಯಗಳಿದ್ದುವು: ರಾತ್ರಿಯ ಮಳೆ, ಶರತ್ಕಾಲದ ಚಂದ್ರ, ದಡಕ್ಕೆ ಮರಳುವ ಹಾಯಿದೋಣಿ, ಸಂಜೆಯ ಗಂಟೆ ಇತ್ಯಾದಿ. ಹರುನೊಬು ಇವನ್ನೆಲ್ಲ ಒಂದು ಸಾಧಾರಣ ಮನೆಯೊಳಕ್ಕೆ ತಂದನು. ಅವನ ಕನ್ನಡಿಯೇ ಚಂದ್ರ. ಒಣಹಾಕಿದ ಟವಲೇ ಹಾಯಿ. ಗಡಿಯಾರವೇ ಸಂಜೆಯ ಗಂಟೆ. ಕುದಿಯುವ ಕೆಟಲಿನ ಸಪ್ಪಳವೇ ರಾತ್ರಿಯ ಮಳೆ. ಚಹದ ಒಲೆಯ ಮುಂದೆ ಆಯುಷ್ಯವನ್ನು ಕಳೆದವರಿಗೆ ಈ ಕೊನೆಯ ಹೋಲಿಕೆಯನ್ನು ವಿವರಿಸಬೇಕಾದುದಿಲ್ಲ.

ವಿನೋದದಲ್ಲಿ ಎಲ್ಲರನ್ನೂ ಮೀರಿಸಿದವನು ಕುನಿಯೋಶಿ (೧೭೯೭–೧೮೬೧). ರೇಷ್ಮೆಗೆ ಬಣ್ಣ ಹಾಕುವವನ ಮಗ, ಬೆಕ್ಕುಗಳೆಂದರೆ ಪ್ರಾಣ. ಹಿರೋಶಿಗೆಯ ೫೩ ತಂಗುದಾಣಗಳನ್ನು ಈತನು ಬೆಕ್ಕುಗಳಿಂದಲೇ ಚಿತ್ರಿಸಿದನು. ಒಂದೊಂದು ಊರಿನ ಹೆಸರಿಗೂ ಒಂದೊಂದು ಶ್ಲೇಷೆ. ದಾರಿಯ ಆರಂಭ 'ನಿಹೊನ್‌ಬಾಶಿ'. ಈತನ ಚಿತ್ರದಲ್ಲಿ ಅದು 'ನಿಹೊನ್ ದಾಶಿ', ಅಂದರೆ ಸಾರಿಗೆ ಹಾಕುವ ಒಣಮೀನಿನ ಎರಡು ತುಂಡುಗಳ ಮುಂದಿನ ಬೆಕ್ಕು. 'ಓಯಿಸೊ' ಎಂಬ ಊರು 'ಒಮೊಯಿ ಜೊ', 'ಅಬ್ಬಾ, ಬಲು ಭಾರ!' ಎಂದಾಗಿ, ಬೆಕ್ಕೊಂದು ತನಗಿಂತ ದೊಡ್ಡ ಆಕ್ಟೋಪಸ್ಸನ್ನು ಎಳೆಯುತ್ತಿದೆ. ನಮ್ಮಲ್ಲಿಯೂ ಈ ಚಟವಿಲ್ಲದಿಲ್ಲ. ಬಾಂದ್ರಾ ಬಂದೊಡನೆ "ಬಂದ್ರಾ?" ಎಂದು ಕ್ಷೇಮ ವಿಚಾರಿಸುವ ಗುಮಾಸ್ತರನ್ನೂ, "ಕುರ್ಲಾ ಎಂದು ಹೆಸರಿಟ್ಟು ಕೂರ್ಲಾ ಅನ್ನುತ್ತಾರೆ, ಕೂರಲು ಸ್ಥಳ ಎಲ್ಲಿದೆ?" ಎಂದು ಗಾಡಿಯ ಬಾಗಿಲಲ್ಲಿ ಜೋತಾಡುತ್ತಲೇ ಕೇಳುವವರನ್ನೂ ನಾವು ಕಂಡಿದ್ದೇವೆ. ನಮಗೆ ಒಬ್ಬ ಕುನಿಯೋಶಿಯು ದೊರೆಯಲಿಲ್ಲ, ಅಷ್ಟೆ.

ನಗೆಗೆ ತೆತ್ತ ಬೆಲೆ

ಇಷ್ಟೆಲ್ಲ ಸುಲಭವಾಗಿ ನಡೆಯಿತೆಂದು ಭಾವಿಸಬಾರದು. ೧೮೦೪ರಲ್ಲಿ ಉತಾಮರೊ ಎಂಬ ಮಹಾ ಕಲಾವಿದನು ಹಿಂದಿನ ಕಾಲದ ಪ್ರಭು ಹಿದೆಯೋಶಿಯನ್ನು ಅಂತಃಪುರದ ಸ್ತ್ರೀಯರೊಡನೆ ಚಿತ್ರಿಸಿದ್ದಕ್ಕಾಗಿ ೫೦ ದಿನಗಳ ಕಾಲ ಕೈಗೆ ಬೇಡಿ ಹಾಕಿಸಿಕೊಳ್ಳಬೇಕಾಯಿತು, ೧೮೦೬ರಲ್ಲಿ ತೀರಿಕೊಂಡನು. ೧೮೪೨ರಲ್ಲಿ ಮಂತ್ರಿಯಾಗಿದ್ದ ಮಿಜುನೊ ತಾದಕುನಿಯು ಮಿತವ್ಯಯದ ಹೆಸರಿನಲ್ಲಿ ನಾಟಕದ ನಟರ ಚಿತ್ರಗಳನ್ನೂ ವೇಶ್ಯೆಯರ ಚಿತ್ರಗಳನ್ನೂ ನಿಷೇಧಿಸಿದನು. ಚಿತ್ರಕಾರರ ಮುಖ್ಯ ಜೀವನೋಪಾಯವೇ ಹೋಯಿತು.

ಕುನಿಯೋಶಿಯು ಆಗ ನಟರ ಮುಖಗಳನ್ನು ಬೆಕ್ಕುಗಳಿಗೆ ಇಟ್ಟನು. ಮುಂದೆ ೧೮೪೭ರ ಸುಮಾರಿಗೆ ಉಗ್ರಾಣದ ಗೋಡೆಯ ಮೇಲೆ ಯಾರೋ ತುಂಟರು ಮೊಳೆಯಿಂದ ಗೀಚಿದಂತೆ ಕಾಣುವ ಚಿತ್ರಗಳನ್ನು ರಚಿಸಿದನು. ಮಕ್ಕಳ ಕೈಬರಹದಂತಿರುವ ಆ ಗೀಚುಗಳಲ್ಲಿ ಊರಿನವರು ತಮ್ಮ ನಟರನ್ನೆಲ್ಲ ಗುರುತಿಸಿದರು. ನಡುವೆ ಎರಡು ಕಾಲಿನ ಮೇಲೆ ಕುಣಿಯುವ ಒಂದು ಬೆಕ್ಕೂ ಇದೆ.

ಈ ಗೋಡೆಯ ಚಿತ್ರವನ್ನು ನೋಡಿದಾಗ ನಮಗೆ ನಮ್ಮದೇ ಒಂದು ಗೋಡೆಯ ನೆನಪಾಯಿತು. ಎಳೆಯ ಪ್ರಾಯದಲ್ಲಿ ನಾವೊಂದು ಹೋಟೆಲಿನಲ್ಲಿ ದುಡಿಯುತ್ತಿದ್ದಾಗ ಜೊತೆಗಾರನೊಬ್ಬನು ದಾಸ್ತಾನು ಕೋಣೆಯ ಗೋಡೆಯ ಮೇಲೆ ಇದ್ದಲಿನಿಂದ ಧಣಿಗಳ ಹೊಟ್ಟೆಯನ್ನು ಬರೆದನು. ಹೊಟ್ಟೆ ಮಾತ್ರ, ಮುಖ ಬರೆಯುವ ಅಗತ್ಯವೇ ಬೀಳಲಿಲ್ಲ. ಮೂರು ದಿನ ನಾವೆಲ್ಲರೂ ಅಕ್ಕಿ ತರುವ ನೆಪದಿಂದ ಹೋಗಿ ನಕ್ಕು ಬಂದೆವು. ನಾಲ್ಕನೆಯ ದಿನ ಧಣಿಗಳು ನೋಡಿದರು. ಹುಡುಗನು ಅಂದೇ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿನ ಬಸ್ಸು ಹತ್ತಬೇಕಾಯಿತು. ಗೋಡೆಗೆ ಸುಣ್ಣ ಹೊಡೆದರು. ಮಳೆಗಾಲ ಬಂದು ಸುಣ್ಣವು ಉದುರಿದಾಗ ಹೊಟ್ಟೆಯು ಪುನಃ ಕಾಣಿಸಿತು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ನಕ್ಕವರು ಹತ್ತು ಮಂದಿ, ಬೆಲೆ ತೆತ್ತವನೊಬ್ಬನೇ. ಆಗ ಬಾಯಿಬಿಟ್ಟು ಒಂದು ಮಾತನ್ನೂ ಆಡದಿದ್ದುದಕ್ಕೆ ನಮಗೆ ಈಗಲೂ ನಾಚಿಕೆಯಿದೆ.

ಕುನಿಯೋಶಿಗೂ ಇಂಥ ಗಳಿಗೆ ಬಂದಿದ್ದಿತು. ೧೮೪೩ರಲ್ಲಿ ಆತನು ಪುರಾತನ ವೀರನೊಬ್ಬನು ಕಾಯಿಲೆಯಿಂದ ಮಲಗಿರುವ, ಅವನ ನಾಲ್ವರು ಭಟರು ಕಾವಲಿರುವ, ಹಿಂದೆ ಕತ್ತಲಲ್ಲಿ ಜೇಡರಾಕ್ಷಸನೊಡನೆ ದೆವ್ವಗಳ ಸೈನ್ಯವೇ ಏಳುತ್ತಿರುವ ಚಿತ್ರವನ್ನು ಪ್ರಕಟಿಸಿದನು. ಮಲಗಿದವನು ಶೋಗುನನೆಂದೂ, ಭಟರಲ್ಲಿ ಒಬ್ಬನ ಉಡುಪಿನ ಲಾಂಛನವು ಮಿಜುನೊ ಮಂತ್ರಿಯದೆಂದೂ, ದೆವ್ವಗಳೆಲ್ಲ ನಿಷೇಧಗಳಿಂದ ಹೊಟ್ಟೆಯ ಮೇಲೆ ಹೊಡೆಸಿಕೊಂಡ ಕಸುಬುದಾರರೆಂದೂ ಊರೇ ಮಾತನಾಡಿಕೊಂಡಿತು. ಪ್ರಕಾಶಕನು ಹೆದರಿ ಚಿತ್ರವನ್ನು ಹಿಂತೆಗೆದುಕೊಂಡನು. ಕುನಿಯೋಶಿಯು ತಪ್ಪಿಸಿಕೊಂಡನು; ತಾನು ಬರೆದುದು ಹಳೆಯ ಕಥೆಯಲ್ಲವೇ? ಅರ್ಥ ಹಚ್ಚಿದವರು ನೋಡುವವರು. ಅಷ್ಟು ಜನರಿಗೆ ಬೇಡಿ ಎಲ್ಲಿಂದ ತರುವುದು?

ಭೂಕಂಪದ ಮೀನು

ಆ ಕಾಲದ ವಿನೋದಚಿತ್ರಗಳಲ್ಲಿ ನಮ್ಮ ಮನಸ್ಸನ್ನು ಅತ್ಯಂತ ಕಲಕಿದವು ಮೀನಿನ ಚಿತ್ರಗಳು. ೧೮೫೫ರ ನವೆಂಬರ ೧೧ರ ರಾತ್ರಿ ಎಡೊ ನಗರದಲ್ಲಿ ಭಯಂಕರವಾದ ಭೂಕಂಪವಾಯಿತು. ಸಾವಿರಾರು ಜನರು ಸತ್ತರು, ಬೆಂಕಿ ಹರಡಿತು. ಭೂಮಿಯನ್ನು ಆದಿಶೇಷನು ಹೊತ್ತಿರುವನೆಂದು ನಮ್ಮವರು ಹೇಳುವಂತೆ, ಭೂಮಿಯ ಕೆಳಗೆ ಹೆಮ್ಮೀನೊಂದಿದೆ, ಕಾಶಿಮಾ ದೇವರು ಅದನ್ನು ಕಲ್ಲಿನಿಂದ ಅದುಮಿಟ್ಟಿರುವನು, ಅದು ಕೊಸರಿಕೊಂಡಾಗ ನೆಲ ನಡುಗುವುದು ಎಂದು ಜಪಾನಿನವರ ನಂಬಿಕೆ. ಭೂಕಂಪವಾದ ಕೆಲವೇ ದಿನಗಳಲ್ಲಿ ಈ ಮೀನಿನ ಚಿತ್ರಗಳು ಬೀದಿಗೆ ಬಂದುವು. ಅಪ್ಪಣೆ ಪಡೆಯದೆ, ಹೆಸರು ಹಾಕದೆ ಅಚ್ಚಾದ ಹಾಳೆಗಳು. ಎರಡು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಗೆ. ಆಮೇಲೆ ಸರ್ಕಾರವು ಅವನ್ನು ತಡೆಯಿತು.

ಅವುಗಳಲ್ಲಿ ಒಂದು ಬಗೆಯಲ್ಲಿ ಊರಿನ ಜನರೆಲ್ಲ ಸೇರಿ ಮೀನನ್ನು ಕೈಗೆ ಸಿಕ್ಕಿದುದರಿಂದ ಬಡಿಯುತ್ತಿದ್ದಾರೆ. ದೂರದಿಂದ ನಾಲ್ವರು ಓಡಿಬರುತ್ತಿದ್ದಾರೆ, ಮೀನನ್ನು ಬಿಡಿಸುವುದಕ್ಕೆ! ಅವರು ಬಡಗಿ, ಗಾರೆಯವ, ಹೆಂಚು ಹೊದಿಸುವವ ಮುಂತಾದವರು. ಮನೆಗಳು ಬಿದ್ದವೆಂದರೆ ಅವರಿಗೆ ಕೆಲಸ. ಎಂದೂ ಕಾಣದ ಕೂಲಿ. ಇನ್ನೊಂದು ಬಗೆಯಲ್ಲಿ ಧನಿಕರು ಕೂಡಿಟ್ಟ ಚಿನ್ನದ ನಾಣ್ಯಗಳನ್ನು ಕಕ್ಕುತ್ತಿದ್ದಾರೆ, ಕೂಲಿಯವರು ಬಾಚಿಕೊಳ್ಳುತ್ತಿದ್ದಾರೆ. ಸ್ವಂತ ಮನೆ ಬಿದ್ದವನೂ, ಬಿದ್ದ ಮನೆಯನ್ನು ಕಟ್ಟಿ ಹೊಟ್ಟೆ ಹೊರೆಯುವವನೂ ಎಷ್ಟೋ ಸಲ ಒಬ್ಬನೇ ಆಗಿದ್ದಿರಬೇಕು. ಅಳುವೂ ನಗುವೂ ಒಂದೇ ಹಾಳೆಯಲ್ಲಿ ಅಚ್ಚಾದುದನ್ನು ನಾವು ಬೇರೆಲ್ಲಿಯೂ ಕಂಡುದಿಲ್ಲ.

ಮುಂಬಯಿಯ ಮೂಕ ಮನುಷ್ಯ

ಜಪಾನಿನ ಕಥೆಯಿಂದ ನಮಗೇನು ಎಂದು ಕೇಳುವವರಿದ್ದರೆ, ಅಂಥದೇ ಅಗ್ಗದ ನಗೆಯನ್ನು ಈ ಮುಂಬಯಿಗೆ ಕೊಟ್ಟವರು ನಮ್ಮ ಮೈಸೂರಿನಲ್ಲಿ ಹುಟ್ಟಿ ಬೆಳೆದವರೆಂದು ನೆನಪಿಸಬೇಕಾಗಿದೆ. ಆರ್. ಕೆ. ಲಕ್ಷ್ಮಣ್ ೧೯೨೧ರಲ್ಲಿ ಮೈಸೂರಿನಲ್ಲಿ ಜನಿಸಿದರು. ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆಯಿಲ್ಲವೆಂಬ ಉತ್ತರ ಬಂದಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು. ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ ಆರಂಭಿಸಿದ 'ಕೊರವಂಜಿ' ಎಂಬ ಕನ್ನಡ ಹಾಸ್ಯಪತ್ರಿಕೆಗೆ ಚಿತ್ರಗಳನ್ನು ಬರೆದರು. ತರುವಾಯ ಮುಂಬಯಿಗೆ ಬಂದು 'ಫ್ರೀ ಪ್ರೆಸ್ ಜರ್ನಲ್'ನಲ್ಲಿ ಕೆಲಸ ಮಾಡಿ, ೧೯೪೭ರಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. ೧೯೫೧ರಲ್ಲಿ ಆರಂಭವಾದ ಅವರ ದೈನಂದಿನ ಚಿತ್ರಾಂಕಣದಲ್ಲಿ, ಚೌಕುಳಿ ಕೋಟು, ಧೋತರ, ಕನ್ನಡಕಗಳ ಒಬ್ಬ ಬೋಳುತಲೆಯ ಶ್ರೀಸಾಮಾನ್ಯನು ಮಂತ್ರಿಗಳ ಭಾಷಣಗಳಲ್ಲಿ, ಆಸ್ಪತ್ರ್ರೆಯ ಸಾಲುಗಳಲ್ಲಿ, ಹೊಂಡ ಬಿದ್ದ ಬೀದಿಗಳಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ನಿಂತು ನೋಡಿದನು. ಒಂದು ಮಾತನ್ನೂ ಆಡಲಿಲ್ಲ. ಕುನಿಯೋಶಿಗೆ ಬೆಕ್ಕುಗಳು ಹೇಗೋ ಲಕ್ಷ್ಮಣರಿಗೆ ಕಾಗೆಗಳು ಹಾಗೆ. ಅವನ್ನು ಜೀವಮಾನವಿಡೀ ಚಿತ್ರಿಸಿದರು. ೨೦೧೫ರ ಜನವರಿ ೨೬ರಂದು ಪುಣೆಯಲ್ಲಿ ನಿಧನರಾದರು.

ಎಡೊ ನಗರದ ಹಾಳೆಗೂ ಈ ಚಿತ್ರಾಂಕಣಕ್ಕೂ ಕಲೆಯಲ್ಲಿ ಯಾವ ನಂಟೂ ಇಲ್ಲ. ಒಂದು ಮರದಚ್ಚು, ಇನ್ನೊಂದು ದಿನಪತ್ರಿಕೆಯ ಮೂಲೆ. ಆದರೆ ಎರಡೂ ಬಡವನ ಕಿಸೆಗೆ ಎಟಕುವಂಥವು. ಎರಡರಲ್ಲಿಯೂ ಕೆಳಗೆ ನಿಂತವನು ಮೇಲೆ ಕುಳಿತವನನ್ನು ಕುರಿತು ನಗುತ್ತಾನೆ. ಗಲ್ಲದ ಬಳಿ ಮಡಿಚಿಟ್ಟ ಪತ್ರಿಕೆಯನ್ನು ಗಿರಾಕಿಯಿಲ್ಲದ ಗಳಿಗೆಯಲ್ಲಿ ಬಿಡಿಸಿ, ಇಂಗ್ಲಿಷಿನ ಒಂದು ಸಾಲನ್ನು ಕೂಡಿಸಿ ಕೂಡಿಸಿ ಓದಿ, ಆ ಬೋಳುತಲೆಯವನನ್ನು ನೋಡಿ ನಕ್ಕ ರಾತ್ರಿಶಾಲೆಯ ಹುಡುಗರು ಈ ನಗರದಲ್ಲಿ ಎಷ್ಟಿದ್ದರೋ!

ವರ್ಳಿಯ ಸಮುದ್ರದ ದಂಡೆಯಲ್ಲಿ ಈ ಶ್ರೀಸಾಮಾನ್ಯನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಕೋಟೆಯ ಭಾಗದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಟಾಟಾ ಸೋದರರ ಸಂಗ್ರಹದಿಂದ ಬಂದ ಚೀನ, ಜಪಾನುಗಳ ಕಲಾವಸ್ತುಗಳಿವೆ. ರಜೆ ದೊರೆತ ದಿನ ವಾಚಕರು ಎರಡನ್ನೂ ನೋಡಿ ಬರಬಹುದು. ಹೋಗಲು ಬಿಡುವಿಲ್ಲದವರಿಗೂ ನಷ್ಟವಿಲ್ಲ. ರಾತ್ರಿ ಬಾಗಿಲು ಅರ್ಧ ಎಳೆದ ಮೇಲೆ ಹೋಟೆಲಿನೊಳಗೆ ನಡೆಯುವ ಕೂಟವೂ ಅದೇ ವಂಶದ್ದು. ನಮ್ಮ ವಿನಂತಿ ಒಂದೇ: ನಕ್ಕುದಕ್ಕಾಗಿ ನಾಳೆ ಒಬ್ಬನೇ ಬೆಲೆ ತೆರಬೇಕಾಗಿ ಬಂದರೆ, ನಕ್ಕ ಹತ್ತು ಮಂದಿಯೂ ಅವನ ಜೊತೆಗೆ ನಿಲ್ಲಬೇಕು. ನಾವಂತೂ ಆ ದಿನ ನಿಲ್ಲಲಿಲ್ಲ.